ಗಲ್ಲಾದ ಹಿಂದೆ ಕೂತವರು

— ಕಾಕಾ, ಒಂದೇ ಒಂದು ಪುಸ್ತಕ ಹೇಳ್ರಿ. ನೈರೋಬಿಗೆ ಹೋಗಿ ಇಳಿಯೂದರಾಗ ಓದಿ ಮುಗಸ್ತೀನಿ.

— ಒಂದೇ ಓದಿ ಹೋಗೂದಾದ್ರ ಏನೂ ಓದದ ಹೋಗು, ತಂಗಿ. ಏನೂ ಓದದಾಂವ ಹೋಗಿ ಕೇಳ್ತಾನ. ಒಂದು ಪುಸ್ತಕ ಓದಿದಾಂವ ಹೋಗಿ ಹೇಳಲಿಕ್ಕೆ ಸುರು ಮಾಡ್ತಾನ.

— ಹಂಗಂದ್ರ ನಾ ಆಗಲೇ ಕೆಟ್ಟೀನಿ. ‘ಔಟ್ ಆಫ್ ಆಫ್ರಿಕಾ’ ಓದೀನಿ. ಸಿನೆಮಾನೂ ನೋಡೀನಿ.

— ಹೆಂಗನಿಸ್ತು?

— ಭಾಳ ಛಂದ ಅನಿಸ್ತು. ಸುಳ್ಳ್ಯಾಕ ಹೇಳ್ಲಿ? ನೀವು ಬೈತೀರಿ ಅಂತ ಗೊತ್ತದ.

— ಬೈಯೂದಿಲ್ಲ. ಕರೆನ್ ಬ್ಲಿಕ್ಸೆನ್ ಖರೇನ ಛಂದ ಬರದಾಳ. ಡೆನ್ಮಾರ್ಕಿನಾಕಿ. 1914ರಾಗ ಬಂದು ಎನ್‌ಗಾಂಗ್ ಗುಡ್ಡದ ಬುಡಕ ಕಾಫಿ ತ್ವಾಟ ಮಾಡಿದ್ಲು, 1931ರಾಗ ಎಲ್ಲಾ ಕಳಕೊಂಡು ವಾಪಸ್ ಹೋದ್ಲು, 1937ಕ್ಕ ಪುಸ್ತಕ ಬಂತು. ಆ ಎತ್ತರದ ಬಯಲು, ಅಲ್ಲಿನ ಮುಂಜಾನಿ ಬೆಳಕು, ಅದನ್ನ ಹಂಗ ಬರದವರು ಕಡಿಮಿ. ಆದ್ರ ಆಕಿ ತ್ವಾಟದಾಗ ಇದ್ದ ಕಿಕುಯು ಜನರನ್ನ ಏನಂತ ಕರೀತಾಳ, ನೆನಪದ?

— ಸ್ಕ್ವಾಟರ್ಸ್. ಅಂದ್ರ ಬ್ಯಾರೇದವರ ಜಾಗಾದಾಗ ಬಂದು ಕೂತವರು.

— ಅವರ ಅಜ್ಜ ಮುತ್ತಜ್ಜ ಉತ್ತ ನೆಲ. ಅದರ ಮ್ಯಾಲ ಗುಡಸಲಾ ಹಾಕ್ಕೊಂಡು ಇರಲಿಕ್ಕೆ ವರ್ಷದಾಗ ಇಂತಿಷ್ಟು ದಿನ ಆಕಿ ತ್ವಾಟದಾಗ ದುಡೀಬೇಕು. ಆಕಿಗೂ ಇದು ಚುಚ್ಚಿರಬೇಕು. ಅವರ ಕಣ್ಣಿಗೆ ನಾನೇ ಒಂದು ದೊಡ್ಡ ಸ್ಕ್ವಾಟರ್ ಕಂಡಿರಬೇಕು ಅನ್ನೋ ಧಾಟಿಯೊಳಗ ಒಂದು ಮಾತು ಅದೇ ಪುಸ್ತಕದಾಗ ಅದ. ಹಂಗ ಅಂದು ಮುಂದ ಹೋಗಿಬಿಡ್ತಾಳ, ಸೂರ್ಯಾಸ್ತದ ಕಡೆ.

— ಹಂಗಾದ್ರ ಅದನ್ನ ಬಿಡ್ಲೇನು?

— ಬಿಡಬ್ಯಾಡ. ಅದರ ಬಾಜೂಕ ಇನ್ನೊಂದು ಇಡು. ಸರಿಯಾಗಿ ಒಂದು ವರ್ಷಕ್ಕ, 1938ರಾಗ, ಅದೇ ಕಿಕುಯು ನಾಡಿನ ಮ್ಯಾಲ ಜೋಮೋ ಕೆನ್ಯಾಟಾನ ‘ಫೇಸಿಂಗ್ ಮೌಂಟ್ ಕೀನ್ಯಾ’ ಬಂತು. ಲಂಡನ್ನಿನಾಗ ಮಲಿನೋವ್‌ಸ್ಕಿ ಅನ್ನೋ ಮಾನವಶಾಸ್ತ್ರಜ್ಞನ ಕೈಕೆಳಗ ಕಲಿಯೋವಾಗ ಬರದದ್ದು. ಅದರಾಗ ಹೊಲದ ಮ್ಯಾಲಿನ ಅಧ್ಯಾಯ ಓದು. ಜಮೀನು ಯಾರದ್ದು, ಗಡಿ ಹೆಂಗ ಗುರುತಿಸ್ತಾರ, ಮಗಗ ಹೆಂಗ ಹೋಗ್ತದ, ಬಂದ ಪರಸ್ಥಳದಾಂವಗ ಉಳಲಿಕ್ಕೆ ಕೊಟ್ರ ಅಂವಂದು ಏನು ಹಕ್ಕು. ನಮ್ಮ ನವಲಗುಂದ ಕಡೆ ರೈತ ಓದಿದ್ರ ‘ಇದೇನು, ನಮ್ಮ ಬದುವಿನ ಜಗಳಾನೇ ಬರದಾನಲ್ಲ’ ಅಂತಾನ. ಇಲ್ಲೆ ತಹಶೀಲ್ದಾರ ಕಚೇರಿಯೊಳಗ ಉತಾರ ತೋರಸು ಅಂತಾರಲ್ಲ, ಬಿಳಿಯರು ಅಲ್ಲೆ ಮಾಡಿದ್ದೂ ಅದನ್ನ. ಕಾಗದ ಇಲ್ಲ, ಹಂಗಾರ ಹೊಲ ನಿಂದಲ್ಲ.

— ಆ ಪುಸ್ತಕದಾಗ ಹೆಣ್ಮಕ್ಕಳ ಸುನ್ನತಿ ಸರಿ ಅಂತ ವಾದಾ ಮಾಡ್ಯಾನಂತ. ಅದನ್ನೂ ರೈತ ಮೆಚ್ಚಬೇಕೇನು?

— ಮಾಡ್ಯಾನ. ಮಿಶನರಿಗಳು ಬ್ಯಾಡ ಅಂದದ್ದನ್ನೆಲ್ಲಾ ಬೇಕು ಅನ್ನೋ ಹಟ ಅಂವಂದು. ಅದಕ್ಕ ಉತ್ತರ ಬೇಕಂದ್ರ ಗೂಗಿ ವಾ ಥಿಯಾಂಗೊನ ‘ದ ರಿವರ್ ಬಿಟ್ವೀನ್’ ಅದ, 1965ರದ್ದು. ಪಾದ್ರಿಯಾದ ಅಪ್ಪನ ಮಾತು ಮೀರಿ ಒಬ್ಬ ಹುಡುಗಿ ತಾನಾಗೇ ಆ ಶಾಸ್ತ್ರಕ್ಕ ಹೋಗ್ತಾಳ, ಸಾಯ್ತಾಳ. ಮುಂದ ನದಿ ಆಚೀಚಿನ ಎರಡೂ ಗುಡ್ಡದ ಜನ ಆಕಿ ಸಾವನ್ನ ತಮ್ಮ ತಮ್ಮ ವಾದಕ್ಕ ಎಳದಾಡ್ತಾರ. ಕೆನ್ಯಾಟಾನ ಪುಸ್ತಕದ ಫೋಟೋ ನೋಡೀಯೇನು? ತೊಗಲಿನ ನಿಲುವಂಗಿ ಹೊದ್ದು, ಭರ್ಚಿ ಹಿಡಕೊಂಡು ನಿಂತಾನ. ಆ ನಿಲುವಂಗಿ ಕಡಾ ತಂದದ್ದು! ಲಂಡನ್ನಿನಾಗ ಕೋಟು ಹಾಕ್ಕೊಂಡು ಓಡಾಡ್ತಿದ್ದ ಮನಶ್ಯಾ. ನಾ ಅದಕ್ಕ ನಕ್ಕೀನಿ, ಖರೆ. ಆದ್ರ ಸಭಾಕ್ಕ ಹೋಗೋವಾಗ ನಮ್ಮವರೂ ಪೆಟಗಿಯೊಳಗಿನ ರುಮಾಲು ತಗದು ಸುತ್ತತಾರ.

— ಅಂವನೇ ಮುಂದ ಅಧ್ಯಕ್ಷ ಆದದ್ದು.

— 1963ರ ಡಿಸೆಂಬರ್ 12ಕ್ಕ ಸ್ವಾತಂತ್ರ್ಯ ಬಂತು. ಮೊದಲು ಪ್ರಧಾನಿ, ಮರುವರ್ಷ ಅಧ್ಯಕ್ಷ. ಅಂವಂದೇ ಪುಸ್ತಕದಾಗ ಒಂದು ಆನೆ ಕಥಿ ಅದ. ಮಳಿ ಬಂದಾಗ ‘ಬರೇ ಸೊಂಡಿ ಒಳಗ ಇಡ್ತೀನಿ’ ಅಂತ ಮನಶ್ಯಾನ ಗುಡಸಲದಾಗ ಸೇರಿದ ಆನೆ ಕಡೀಕ ಮನಶ್ಯಾನ್ನೇ ಹೊರಗ ಹಾಕ್ತದ. ಬ್ರಿಟಿಷರ ಮ್ಯಾಲ ಬರದ ಕಥಿ. ಅದನ್ನ ಬರದಾಂವನ ಮನೆತನ ಮುಂದ ಆ ದೇಶದ ದೊಡ್ಡ ದೊಡ್ಡ ಜಮೀನುದಾರರೊಳಗ ಒಂದಾತು. ಗೂಗಿಯನ್ನ ಜೇಲಿಗೆ ಹಾಕಿದ್ದೂ ಅಂವಂದೇ ಸರಕಾರ.

— ನಾಟಕಾ ಬರದದ್ದಕ್ಕ ಅಂತ ಕೇಳೀನಿ.

— ನಾಟಕಾ ಬರದದ್ದಕ್ಕಲ್ಲ, ಯಾವ ಭಾಷಾದಾಗ ಬರದ ಅನ್ನೂದಕ್ಕ. ಅದಕ್ಕೂ ಮೊದಲು ಇಂಗ್ಲೀಷಿನಾಗ ನಾಲ್ಕು ಕಾದಂಬರಿ ಬರದಿದ್ದ. 1977ರಾಗ ಬಂದ ‘ಪೆಟಲ್ಸ್ ಆಫ್ ಬ್ಲಡ್’ ಸರಕಾರಕ್ಕ ನೇರ ಬೈಗಳಾ. ಅದನ್ನ ಒಬ್ಬ ಮಂತ್ರಿನೇ ಬಿಡುಗಡೆ ಮಾಡಿದ! ಯಾಕಂದ್ರ ಇಂಗ್ಲೀಷು ಓದವರು ಎಷ್ಟು ಮಂದಿ? ಅದೇ ವರ್ಷ ಲಿಮೂರು ಹತ್ರ ಕಮಿರಿಥು ಅನ್ನೋ ತನ್ನ ಊರಾಗ, ಚಹಾ ತ್ವಾಟದ ಕೂಲಿಗಳು, ಶೂ ಕಾರಖಾನಿ ಕೆಲಸದವರು, ಊರ ಹೆಣ್ಮಕ್ಕಳು ಕೂಡಿ ತಾವೇ ಬಯಲು ರಂಗಮಂದಿರ ಕಟ್ಟಿದ್ರು. ಅಲ್ಲೆ ಕಿಕುಯು ಭಾಷಾದಾಗ ‘ಎನ್‌ಗಾಹಿಕಾ ಎನ್‌ದೇಂದಾ’ ಆಡಿದ್ರು. ಗೂಗಿ ವಾ ಮಿರಿಯೆ ಕೂಡ ಬರದದ್ದು. ತಾಲೀಮಿಗೂ ಊರ ಮಂದಿ ಬಂದು ಕೂಡ್ತಿದ್ರು. ‘ಈ ಮಾತು ಹಿಂಗಲ್ಲ, ನಮ್ಮ ಅಜ್ಜಿ ಹಿಂಗ ಅಂತಿದ್ಲು’ ಅಂತ ತಿದ್ದತಿದ್ರು. ನಮ್ಮ ಕಡೆ ದೊಡ್ಡಾಟದ ತಾಲೀಮಿಗೆ ಊರೇ ಕೂಡೂದಿಲ್ಲೇನು, ಹಂಗ. ನವೆಂಬರಿನಾಗ ಪರವಾನಗಿ ಹೋತು. ಡಿಸೆಂಬರ್ ಕಡೀಕ ಗೂಗಿ ಕಮಿತಿ ಜೇಲಿನಾಗ. ಒಂದು ವರ್ಷ, ವಿಚಾರಣಿ ಇಲ್ಲದ.

— ಟಾಯ್ಲೆಟ್ ಪೇಪರ್ ಮ್ಯಾಲ ಕಾದಂಬರಿ ಬರದದ್ದು ಅಲ್ಲೇ ಏನು?

— ಅಲ್ಲೇ. ‘ಕೈತಾನಿ ಮುತರಬ-ಇನಿ’, ಶಿಲುಬಿ ಮ್ಯಾಲಿನ ಸೈತಾನ. ಕೈದಿಗಳಿಗೆ ಕೊಡ್ತಿದ್ದ ಆ ಕಾಗದ ಮೈಗೆ ಒರಟು, ಪೆನ್ನಿಗೆ ಛಲೋ ಅಂತ ತಾನೇ ಚೇಷ್ಟಿ ಮಾಡ್ಯಾನ. 1980ರಾಗ ಪುಸ್ತಕ ಬಂತು. ಓದಲಿಕ್ಕೆ ಬರದವರೂ ಅದನ್ನ ‘ಓದಿದ್ರು’. ಮನ್ಯಾಗ ಮಕ್ಕಳು ದೊಡ್ಡವರಿಗೆ ಓದಿ ಹೇಳ್ತಿದ್ರಂತ. ಸರಾಯಿ ಅಂಗಡ್ಯಾಗ ಒಬ್ಬ ಓದಾಂವ, ಉಳಿದವರು ಕೇಳಾವರು. ಕುತೂಹಲದ ಜಾಗಾಕ್ಕ ಬಂದು ನಿಲ್ಲಿಸಿದ್ನೆಂದ್ರ ಅಂವಗ ಇನ್ನೊಂದು ಗ್ಲಾಸು ಹಾಕಸ್ತಿದ್ರಂತ, ಮುಂದ ಓದು ಅಂತ.

— ಇದು ಪುರಾಣ ಹಚ್ಚಿಧಂಗ ಆತಲ್ಲ!

— ಹಂಗೇ. ಇನ್ನೊಂದು ಮಜಾ ಕೇಳು. 1986ರಾಗ ‘ಮತಿಗಾರಿ’ ಬಂತು, ಅದೂ ಕಿಕುಯು. ಕಾಡಿನಿಂದ ಹೊರಗ ಬಂದ ಹೋರಾಟಗಾರ ಒಬ್ಬ, ಸತ್ಯ ನ್ಯಾಯ ಎಲ್ಲೆ ಸಿಗ್ತದ ಅಂತ ಕೇಳ್ಕೋತ ಊರೂರು ತಿರಗ್ತಾನ. ಮಂದಿ ಆ ಮಾತು ಎಷ್ಟು ಆಡಿದ್ರಂದ್ರ, ಮತಿಗಾರಿ ಅನ್ನಾಂವ ಒಬ್ಬ ತಿರಗ್ಯಾಡಿ ಜನರನ್ನ ಎಬ್ಬಸ್ಲಿಕ್ಕತ್ಯಾನ ಅಂತ ಗುಪ್ತಚರರು ವರದಿ ಕೊಟ್ರು. ಹಿಡೀರಿ ಅಂತ ಹುಕುಂ ಆತು. ಅಂವ ಪುಸ್ತಕದಾಗ ಇರಾಂವ ಅಂತ ತಿಳಿದ ಮ್ಯಾಲ ಪುಸ್ತಕಾನೇ ಹಿಡದ್ರು! 1987ರಾಗ ಅಂಗಡಿಗಳಿಂದ ಪ್ರತಿ ಎತ್ತಿಕೊಂಡು ಹೋದ್ರು.

— ಗೂಗಿ ತೀರಿಕೊಂಡದ್ದು ಮೊನ್ನೆ ಅಲ್ಲೇನು?

— 2025ರ ಮೇ ತಿಂಗಳಾಗ, ಅಮೆರಿಕಾದಾಗ. ಎಂಬತ್ತೇಳು ವರ್ಷ. ಅಂವನ ಬಾಲ್ಯದ ನೆನಪು ಅದ ನೋಡು, ‘ಡ್ರೀಮ್ಸ್ ಇನ್ ಅ ಟೈಮ್ ಆಫ್ ವಾರ್’, ಅದನ್ನ ಮೊದಲು ಓದು. ಸಾಲೀಗೆ ಹೋಗಬೇಕನ್ನೋ ಹಸಿವಿ, ಅಣ್ಣ ಬ್ರಿಟಿಷರ ವಿರುದ್ಧ ಎದ್ದ ಮೌ ಮೌ ದಂಡು ಸೇರಿ ಕಾಡಿಗೆ ಹೋದದ್ದು. ಅದು ಓದಿದ ಮ್ಯಾಲನ ಲೆಕ್ಕದ ಪುಸ್ತಕಕ್ಕ ಕೈ ಹಚ್ಚು.

— ಲೆಕ್ಕದ ಪುಸ್ತಕ?

— ಇತಿಹಾಸಕಾರರವು. 2005ರಾಗ ಎರಡು ಒಟ್ಟಿಗೆ ಬಂದ್ವು. ಕ್ಯಾರೊಲಿನ್ ಎಲ್ಕಿನ್ಸ್ ಬರದದ್ದು, ಡೇವಿಡ್ ಆಂಡರ್‌ಸನ್ ಬರದದ್ದು. 1952ರ ಅಕ್ಟೋಬರ್ 20ಕ್ಕ ತುರ್ತುಪರಿಸ್ಥಿತಿ ಹೇರಿದ್ರು. ಮೌ ಮೌದವರು ಬಿಳಿಯರನ್ನ ಕಂಡಕಂಡಲ್ಲೆ ಕಡದ್ರು ಅಂತ ಆಗಿನ ಪತ್ರಿಕಾ ತುಂಬ ಬರೀತಿದ್ರಲ್ಲ, ಸತ್ತ ಬಿಳಿ ನೆಲಸಿಗರು ಮೂವತ್ತೆರಡು ಮಂದಿ. ಗಲ್ಲಿಗೆ ಹಾಕಿದ ಆಫ್ರಿಕನ್ನರು 1,090 ಅಂತ ಆಂಡರ್‌ಸನ್ ನ್ಯಾಯಾಲಯದ ಕಾಗದ ಹುಡುಕಿ ಎಣಿಸ್ಯಾನ. ಎಲ್ಕಿನ್ಸ್ ಶಿಬಿರಗಳ ಕಥಿ ಬರದಾಳ: ಮುಳ್ಳುತಂತಿ, ಹೊಡತ, ಹಸಿವಿ. ಆಕಿ ಹೇಳೋ ಸಾವಿನ ಲೆಕ್ಕ ಭಾಳ ಹೆಚ್ಚಾತು ಅಂತ ಜನಸಂಖ್ಯಾ ತಜ್ಞರು ತಕರಾರು ತಗದಾರ. ಆ ತಕರಾರೂ ಓದು. ಆದ್ರ ಬದುಕಿ ಉಳಿದ ಮುದುಕರು ಲಂಡನ್ ಕೋರ್ಟಿಗೆ ಹೋದಾಗ, ಬ್ರಿಟಿಷ್ ಸರಕಾರ ಗುಟ್ಟಾಗಿ ಒಯ್ದು ಇಟ್ಟಿದ್ದ ಕಡತ ಹೊರಗ ಬಂದ್ವು. 2013ರಾಗ 5,228 ಮಂದಿಗೆ ಸುಮಾರು ಎರಡು ಕೋಟಿ ಪೌಂಡ್ ಕೊಟ್ಟು ವಿಷಾದ ವ್ಯಕ್ತ ಮಾಡಿದ್ರು.

— ಕ್ಷಮಾ ಕೇಳಲಿಲ್ಲ?

— ವಿಷಾದ. ವಕೀಲರನ್ನ ಕೇಳಿ ಬರದ ಶಬ್ದ ಇರಬೇಕು. ಈಗ ನಾ ಹೇಳೂದು ಕೇಳು. ಇಷ್ಟೆಲ್ಲಾ ಓದಿದ ಮ್ಯಾಲ ನಮಗ ಒಂದು ಸುಖ ಆಗ್ತದ. ಅವರನ್ನೂ ಬ್ರಿಟಿಷರು ತುಳದ್ರು, ನಮ್ಮನ್ನೂ ತುಳದ್ರು, ನಾವೂ ಅವರೂ ಅಣ್ಣತಮ್ಮರು ಅಂತ. ನಾ ಕ್ಲಾಸಿನಾಗ ಮೂವತ್ತು ವರ್ಷ ಹಂಗೇ ಪಾಠ ಹೇಳಿದಾಂವ. ಒಂದಿನ ಗೂಗಿಯ ‘ವೀಪ್ ನಾಟ್, ಚೈಲ್ಡ್’ ಮೂರನೇ ಸಲ ಓದಲಿಕ್ಕತ್ತಿದ್ದೆ. ಆ ಅಂಗಡಿ ಆವಾಗ ಕಣ್ಣಿಗೆ ಬಿತ್ತು.

— ಯಾವ ಅಂಗಡಿ?

— ಊರ ಪೇಟ್ಯಾಗ ಸಾಲಾಗಿ ಭಾರತೀಯರ ಅಂಗಡಿ. ಅರಿವಿ, ಸಕ್ಕರಿ, ಉಪ್ಪು. ಕಿಕುಯು ಹೆಣ್ಮಕ್ಕಳು ಬಂದು ಚೌಕಾಶಿ ಮಾಡ್ತಾರ, ತಗೋತಾರ, ಹೊರಗ ಬಂದು ಬೈತಾರ. ಗಲ್ಲಾದ ಹಿಂದ ಕೂತಾಂವಗ ಹೆಸರೂ ಇಲ್ಲ. ಮೊದಲ ಎರಡು ಸಲ ಓದಿದಾಗ ನಾ ಆ ಕಾದಂಬರಿಯ ಹುಡುಗನ ಕೂಡ, ಅಂವನ ಅಪ್ಪನ ಕೂಡ ನಿಂತಿದ್ದೆ. ಮೂರನೇ ಸಲ ತಿಳೀತು, ಆ ಕಥಿಯೊಳಗ ನಾ ನಿಂತ ಜಾಗಾ ಅಲ್ಲೆಲ್ಲೂ ಅಲ್ಲ. ನಾ ಗಲ್ಲಾದ ಹಿಂದ ಕೂತೀನಿ, ತಕ್ಕಡಿ ಹಿಡಕೊಂಡು.

— ಅದು ಅನ್ಯಾಯ ಕಾಕಾ. ಅಂಗಡಿ ಇಟ್ಟವರು ಗುಜರಾತಿಗಳು, ಪಂಜಾಬಿಗಳು. ಅವರರೆ ಏನು ಮಾಡ್ಬೇಕು? ಎತ್ತರದ ಛಲೋ ಜಮೀನೆಲ್ಲಾ ಬಿಳಿಯರಿಗೆ ಮೀಸಲಂತ ಬರದಿಟ್ಟಿದ್ರು. ಹೊಲಾ ತಗೋಳ್ಳಾಕ ಬಿಡ್ಲಿಲ್ಲ, ಅದಕ್ಕ ಅಂಗಡಿ ಇಟ್ರು.

— ಖರೆ ಅದ. ಅಷ್ಟೇ ಅಲ್ಲ, ಹೋದದ್ದೇ ಕೂಲಿಗಳಾಗಿ. 1896ರಾಗ ಮೊಂಬಾಸಾದಿಂದ ರೈಲು ಹಳಿ ಹಾಕಲಿಕ್ಕೆ ಸುರು ಮಾಡಿದ್ರು, 1901ಕ್ಕ ವಿಕ್ಟೋರಿಯಾ ಸರೋವರ ಮುಟ್ಟಿದ್ರು. ಸುಮಾರು ಮೂವತ್ತೆರಡು ಸಾವಿರ ಮಂದೀನ ಹಡಗಿನಾಗ ತುಂಬ್ಕೊಂಡು ಹೋದ್ರು, ಹೆಚ್ಚಿನವರು ಪಂಜಾಬದವರು. ಸತ್ತವರು ಸುಮಾರು ಎರಡೂವರಿ ಸಾವಿರ. ಮೈಲಿಗೆ ನಾಕು ಹೆಣ. ಅವರೊಳಗ ಒಬ್ಬನೂ ಪುಸ್ತಕ ಬರೀಲಿಲ್ಲ. ಆದ್ರ ತ್ಸಾವೋದಾಗ ಕೂಲಿಗಳನ್ನ ತಿಂದ ಎರಡು ಸಿಂಹ ಇದ್ವಲ್ಲ, ಅವುಗಳ ಮ್ಯಾಲ ಪುಸ್ತಕ ಬಂತು! ಹೊಡದ ಸಾಹೇಬ ಪ್ಯಾಟರ್‌ಸನ್ ಬರದಾನ, 1907ರಾಗ. ನಾ ಸಣ್ಣಾಂವ ಇದ್ದಾಗ ಜ್ವರಾ ಬಂದು ಮಲಗಿದ್ದಾಗ ಓದಿ ಹೆದರಿದ್ದೆ. ಆ ಸಿಂಹಗಳ ತೊಗಲು ಶಿಕಾಗೋ ಮ್ಯೂಸಿಯಮ್ಮಿನಾಗ ತುಂಬಿಸಿ ನಿಲ್ಲಿಸ್ಯಾರ. ಸಾಹೇಬ ಒಮ್ಮೆ 135 ಮಂದಿ ಬಲಿಯಾದ್ರು ಅಂದಿದ್ದ. ಈಚೀಕ ಎಲವು ಕೂದಲಾ ಪರೀಕ್ಷಾ ಮಾಡಿ ಸುಮಾರು ಮೂವತ್ತೈದು ಅಂದ್ರು. ನೋಡು, ಸಿಂಹ ಎಷ್ಟು ತಿಂದ್ವು ಅನ್ನೋ ಲೆಕ್ಕಕ್ಕ ಅಷ್ಟು ಕಾಳಜಿ. ಉಳಿದ ಎರಡು ಸಾವಿರದ ಮ್ಯಾಲಿನ ಮಂದಿ ಹೆಸರು ಯಾರಿಗೆ ಬೇಕು?

— ಅಲ್ಲೇ ಉಳಿದವರ ಮಕ್ಕಳು ಮೊಮ್ಮಕ್ಕಳು ಬರದಿರಬೇಕಲ್ಲ?

— ಎಂ. ಜಿ. ವಾಸನಜಿ. 1950ರಾಗ ನೈರೋಬಿಯೊಳಗ ಹುಟ್ಟಿದಾಂವ. ಅಂವನ ವಿಕ್ರಮ್ ಲಾಲ್ ಕಾದಂಬರಿ 2003ರದ್ದು. ನಾಯಕನ ಅಜ್ಜ ಹಳಿ ಹಾಕಲಿಕ್ಕೆ ಬಂದ ಪಂಜಾಬಿ. ಮೊಮ್ಮಗ ಸ್ವತಂತ್ರ ಕೀನ್ಯಾದಾಗ ಮಂತ್ರಿಗಳ ಕಳ್ಳ ರೊಕ್ಕ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಸಾಂವ. ಬಿಳಿಯರಿಗೂ ಆತು, ಕರಿಯರಿಗೂ ಆತು, ಎಲ್ಲಾರಿಗೂ ಬೇಕಾದಾಂವ, ಯಾರಿಗೂ ತನ್ನಾಂವ ಅಲ್ಲ. ನನಗ ಅದು ಗೂಗಿ ಬರದದ್ದಕ್ಕ ಗಲ್ಲಾದ ಹಿಂದಿನಿಂದ ಬಂದ ಉತ್ತರ ಅನಸ್ತದ. ಗೂಗಿನೂ ಮುಪ್ಪಿನಾಗ ಒಂದು ಲೇಖನ ಬರದ. ಬಾಲ್ಯದ ನೆನಪು ಬರೀಲಿಕ್ಕೆ ಕೂತಾಗ ತನ್ನ ಬದುಕಿನ ತುಂಬ ಭಾರತ ಹಬ್ಬಿದ್ದು ಕಂಡಿತು, ಇಷ್ಟು ವರ್ಷ ಕಂಡಿರಲೇ ಇಲ್ಲ ಅಂತ. ಅಂಗಡ್ಯಾಗ ತೂಗಹಾಕಿದ್ದ ಗಾಂಧಿ ಫೋಟೋ, ಮಸಾಲಿ ವಾಸನಿ, ಚಹಾ.

— ಭಾಷಾದಾಗೂ ಅದ ಕಾಕಾ. ನಾ ಮೊಬೈಲಿನಾಗ ಸ್ವಾಹಿಲಿ ಕಲೀಲಿಕ್ಕತ್ತೀನಿ. ಕಾರಿಗೆ ಏನಂತಾರ ಹೇಳ್ರಿ? ‘ಗಾರಿ’!

— ನಮ್ಮ ಗಾಡಿ.

— ಇನ್ಶೂರೆನ್ಸಿಗೆ ‘ಬೀಮಾ’. ಲಕ್ಷಕ್ಕ ‘ಲಾಕಿ’. ಅಂಗಡಿಗೆ ‘ದುಕಾ’, ರೊಕ್ಕಕ್ಕ ‘ಪೇಸಾ’. ಚಪಾತಿ ಚಪಾತಿನೇ.

— ಎಲ್ಲಾ ಗಲ್ಲಾದ ಹಿಂದಿನ ಶಬ್ದ ನೋಡು! ಗಾಡಿ, ರೊಕ್ಕ, ವಿಮಾ, ಲಕ್ಷ. ಕಾವ್ಯದ ಶಬ್ದ ಒಂದೂ ನಾವು ಕೊಟ್ಟಿಲ್ಲ. 1920ರ ತನಕ ಅಲ್ಲೆ ನಡೀತಿದ್ದ ನಾಣ್ಯಾನೂ ರೂಪಾಯಿನೇ.

— ಅಂದ್ರ ನಾ ಹೋಗಿ ತಲಿ ತಗ್ಗಿಸಿ ಕೂಡಬೇಕೇನು? ನಾನೇನು ಅಂಗಡಿ ಇಡ್ಲಿಕ್ಕೆ ಹೊಂಟಿಲ್ಲ.

— ತಲಿ ತಗ್ಗಸೂದು ಯಾಕ? ಈಗ ಬರ್ತೀನಿ ನೋಡು ನಿನ್ನ ಆಫೀಸಿಗೆ. ಎಲ್ಲೆ ಅಂದಿದ್ದಿ?

— ವೆಸ್ಟ್‌ಲ್ಯಾಂಡ್ಸ್.

— 1965ರ ಫೆಬ್ರುವರಿ 24. ವೆಸ್ಟ್‌ಲ್ಯಾಂಡ್ಸಿನಾಗ ಒಂದು ಮನಿ. ಮುಂಜಾನೆ ಕೆಲಸಕ್ಕ ಹೊಂಟ ಒಬ್ಬ ಎಂಪಿ ಕಾರು ಗೇಟಿನ ಹತ್ರ ಬಂದಾಗ ಗುಂಡು ಹಾಕಿದ್ರು. ಕಾರಿನಾಗ ಸಣ್ಣ ಮಗಳು ಇದ್ಲು. ಮೂವತ್ತೇಳು ವರ್ಷದಾಂವ, ಪಿಯೊ ಗಾಮಾ ಪಿಂಟೊ. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲಿ.

— ಪಿಂಟೊ ಅಂದ್ರ ಗೋವಾದವರೇನು?

— ಗೋವಾ ಮೂಲ, ನೈರೋಬಿಯೊಳಗ ಹುಟ್ಟಿದ್ದು. ಕಲೀಲಿಕ್ಕೆ ಇಲ್ಲೆ ಕಳಿಸಿದ್ರು. ಗೋವಾದಾಗ ಮ್ಯಾಟ್ರಿಕ್, ಆಮ್ಯಾಲ ಸಾಯನ್ಸ್ ಕಲೀಲಿಕ್ಕೆ ಎಲ್ಲೆ ಬಂದ ಅನ್ನು?

— ಮುಂಬಯಿ?

— ಧಾರವಾಡ. ಕರ್ನಾಟಕ ಕಾಲೇಜು.

— ಚೇಷ್ಟಿ ಮಾಡ್ತೀರಿ.

— ಎರಡು ವರ್ಷ ಇದ್ದ, ಮಹಾಯುದ್ಧದ ಕಾಲಕ್ಕ. ನಾ ಕಲಿತದ್ದೂ ಅದೇ ಕಾಲೇಜು, ನಿಮ್ಮಪ್ಪ ಕಲಿತದ್ದೂ ಅದೇ. ಅಲ್ಲೆ ಯಾರೂ ನಮಗ ಆ ಹೆಸರು ಹೇಳಲಿಲ್ಲ. ನನಗ ತಿಳದದ್ದು ಅರವತ್ತು ದಾಟಿದ ಮ್ಯಾಲ, ಶಿರಾಜ್ ದುರಾನಿ ಸಂಪಾದಿಸಿದ ಪಿಂಟೊನ ಮ್ಯಾಲಿನ ಪುಸ್ತಕದಿಂದ. ಇಲ್ಲಿಂದ ವಾಯುದಳ, ಮುಂಬಯಿ ಟಪಾಲು ಖಾತೆ, ಗೋವಾ ಬಿಡುಗಡೆ ಚಳವಳಿ. ಪೋರ್ತುಗೀಜರು ಹಿಡೀತಾರ ಅಂದಾಗ 1949ರಾಗ ವಾಪಸ್ ಕೀನ್ಯಾಕ್ಕ. ಅಲ್ಲೆ ಮೌ ಮೌದವರಿಗೆ ಗುಟ್ಟಾಗಿ ಸಹಾಯ ಮಾಡಿದ, ಪತ್ರಿಕಾ ನಡಸಿದ. 1954ರಾಗ ಹಿಡದು ಮಾಂಡಾ ನಡುಗಡ್ಡಿಗೆ ಒಯ್ದು ಹಾಕಿದ್ರು. ಪೂರ್ತಿ ಬಿಟ್ಟದ್ದು 1959ಕ್ಕ. ಸ್ವಾತಂತ್ರ್ಯ ಬಂದ ಮ್ಯಾಲ ಜಮೀನು ಬಡವರಿಗೆ ಹಂಚ್ರಿ ಅನ್ನೋ ಮಾತು ಬಿಡಲಿಲ್ಲ. ಕೊಲಿ ಕೇಸಿನಾಗ ಶಿಕ್ಷಾ ಆದ ಒಬ್ಬ 2001ರಾಗ ಜೇಲಿನಿಂದ ಹೊರಗ ಬಂದ. ಮಾಡಿಸಿದವರು ಯಾರು ಅನ್ನೂದು ಹೊರಗ ಬರಲಿಲ್ಲ.

— ಇದನ್ನ ಮೊದಲೇ ಹೇಳಬೇಕಿಲ್ಲೇನು ನೀವು!

— ಮೊದಲು ಹೇಳಿದ್ರ ನೀ ಅದೊಂದನ್ನ ಹಿಡಕೊಂಡು ಹೋಗ್ತಿದ್ದಿ, ‘ನಮ್ಮ ಧಾರವಾಡದಾಂವ’ ಅಂತ ಎದಿ ಉಬ್ಬಿಸಿ. ಒಬ್ಬ ಪಿಂಟೊನ್ನ ತೋರಿಸಿ ಸಾವಿರ ಗಲ್ಲಾ ಮುಚ್ಚಿಡೋ ಚಾಳಿ ನಮಗದ. ಅಂವನ್ನ ಕೊಂದಾಗ ಅಲ್ಲಿನ ಭಾರತೀಯ ವ್ಯಾಪಾರಸ್ಥರು ಅಂಗಡಿ ಬಂದ್ ಮಾಡಿರಲಿಕ್ಕಿಲ್ಲ ಅಂತ ನನಗ ಗುಮಾನಿ. ಬರೇ ಗುಮಾನಿ.

— ಕಾಕಾ, ಇಷ್ಟೊತ್ತು ನೀವು ಹೇಳಿದ್ದೆಲ್ಲಾ ಗಂಡಸರ ಸಿಟ್ಟಿನ ಪುಸ್ತಕ. ಅದೂ ಕಿಕುಯು ಕಡೇವೇ ಜಾಸ್ತಿ. ಆ ದೇಶದಾಗ ನಲವತ್ತಕ್ಕೂ ಮ್ಯಾಲ ಸಮುದಾಯ ಅವ ಅಂತ ಓದೀನಿ.

— ಒಪ್ಪಿದೆ. ಓದಿದ ನನ್ನ ತಪ್ಪೂ ಅದ, ಹೊರಗ ಬಂದ ಪುಸ್ತಕಗಳ ತಪ್ಪೂ ಅದ. ಲುವೋ ಜನರಾಕಿ ಗ್ರೇಸ್ ಓಗಾಟ್. ಆಕಿ ಒಂದು ಕಥಿ ಹೇಳ್ತೀನಿ. ಊರಿಗೆ ಮಳಿ ಇಲ್ಲ. ಸರೋವರದ ಪ್ರಾಣಿಗೆ ನಾಯಕನ ಮಗಳು ಬಲಿ ಆಗಬೇಕು ಅಂತ ಹಿರಿಯರು ಹೇಳ್ತಾರ. ಹುಡುಗಿಗೆ ಗೊತ್ತಿಲ್ಲ, ತನಗ ಮದುವಿ ಅಂತ ತಿಳಕೊಂಡಾಳ.

— ಇದು ‘ಕೆರೆಗೆ ಹಾರ’! ಭಾಗೀರಥಿ!

— ನನಗೂ ಹಂಗೇ ಮೈ ಝುಂ ಅಂತು. ಆದ್ರ ನಮ್ಮ ಭಾಗೀರಥಿ ಗಂಡ ಕುದರಿ ಹತ್ತಿ ಬರೂದರಾಗ ಕೆರಿ ತುಂಬಿತ್ತು. ಅಲ್ಲೆ ಪ್ರೀತಿಸಿದ ಹುಡುಗ ಬೆನ್ನ ಹತ್ತಿ ಹೋಗಿ ಸರೋವರದ ಅಂಚಿನಾಗ ಆಕಿನ್ನ ಎಳಕೊಂಡು ಓಡ್ತಾನ. ಆಮ್ಯಾಲ ಮಳಿ ಬರ್ತದ.

— ಬಲಿ ಇಲ್ಲದ?

— ಬಲಿ ಇಲ್ಲದ. ಎಂಥಾ ಹೆಣ್ಮಗಳು ನೋಡು. ಜಾನಪದದಾಗ ಕೈ ಹಾಕಿ ಹುಡುಗೀನ ಹೊರಗ ತಗದಾಳ, ಮಳಿ ಮಾತ್ರ ಅಲ್ಲೇ ಬಿಟ್ಟಾಳ. ‘ಲ್ಯಾಂಡ್ ವಿದೌಟ್ ಥಂಡರ್’ ಅನ್ನೋ ಸಂಕಲನ, 1968ರದ್ದು. ಈಗಿನವರೊಳಗ ಯ್ವಾನ್ ಓವೂರ್‌ಳ ‘ಡಸ್ಟ್’ ಓದು. ಕೀನ್ಯಾ ಉತ್ತರದ ಒಣ ಸೀಮಿ, ಮನಿಯೊಳಗ ಯಾರೂ ಬಾಯಿ ಬಿಡದ ಕೊಲಿಗಳು. ಕಠಿಣ ಅದ, ಎರಡು ಸಲ ಬಿಟ್ಟು ಮೂರನೇ ಸಲ ಮುಗಿಸೀನಿ. ಹಗೂರಂದು ಬೇಕಂದ್ರ ಬಿನ್ಯಾವಾಂಗ ವೈನೈನ. ಆಫ್ರಿಕಾ ಬಗ್ಗೆ ಹೆಂಗ ಬರೀಬೇಕು ಅಂತ 2005ರಾಗ ಒಂದು ವ್ಯಂಗ್ಯ ಬರದಾನ. ಸೂರ್ಯಾಸ್ತ ಹಾಕ್ರಿ, ಹಸಿದ ಮಕ್ಕಳನ್ನ ಹಾಕ್ರಿ, ಆನೆಗೆ ಮಾತ್ರ ವ್ಯಕ್ತಿತ್ವ ಕೊಡ್ರಿ ಅನ್ನೋ ಧಾಟಿ. ಬ್ಲಿಕ್ಸೆನ್ ಓದಿದ ಬಾಯಿಗೆ ಅದು ಉಪ್ಪಿನಕಾಯಿ ಇದ್ಧಂಗ.

— ಒಂದೇ ಪುಸ್ತಕ ಕೇಳಿದ್ದೆ.

— ಆ ಚೀಲ ತಾ ಇಲ್ಲೆ. ಗೂಗಿ, ವಾಸನಜಿ, ಓಗಾಟ್, ಪಿಂಟೊ, ಎಲ್ಕಿನ್ಸ್, ಕೆನ್ಯಾಟಾ. ಸಿಂಹದ್ದೂ ಇರ್ಲಿ.

— ತೂಕದ ಯಂತ್ರದ ಮ್ಯಾಲ ಇಡ್ರಿ... ಎರಡೂವರಿ ಕಿಲೋ ಹೆಚ್ಚಾತು.

— ಸಿಂಹ ತಗಿ.

— ತಗದೆ. ಇನ್ನೂ ಎರಡು ಕಿಲೋ ಮ್ಯಾಲ ಅದ. ಎಲ್ಕಿನ್ಸ್ ಭಾಳ ಭಾರ ಅದಾಳ.

— ಆಕಿ ಇರ್ಲಿ. ಶೇಂಗಾ ಹೋಳಿಗಿ ಡಬ್ಬಿ ತಗಿ.

— ಆ ಮಾತು ನಿಮ್ಮ ವೈನಿಗೆ ನೀವೇ ಹೇಳ್ರಿ. ಅಡಗಿ ಮನ್ಯಾಗ ಇನ್ನೊಂದು ಡಬ್ಬಿ ಕಟ್ಟಲಿಕ್ಕತ್ತಾಳ.